ಸೋತವನ ವಾದ ಎಲ್ಲಿ ಹೋಯ್ತು?

ನಮಸ್ಕಾರ.

ಕ್ರಿಸ್ತನ ಸ್ವರೂಪದ ಬಗ್ಗೆ ಎದ್ದ ಜಗಳ ತೀರ್ಮಾನಿಸಲು 431ರಲ್ಲಿ ಕ್ರೈಸ್ತ ಬಿಷಪರು ಸೇರಿದ ಎಫೆಸಸ್ ಸಭೆಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಕನ್ನಡದಲ್ಲಿ ಈ ವಿಷಯಕ್ಕೆ ಕೈ ಹಾಕುವವರು ಕಡಿಮೆ, ಹಾಕಿದ್ದೀರಿ, ಸಂತೋಷ. ಭಾಷೆ ಸಲೀಸಾಗಿದೆ. ಆದರೆ ಮೂರನೇ ಪುಟಕ್ಕೆ ಬಂದಾಗ ನನಗೆ ನಿಜವಾಗಿಯೂ ಸಿಟ್ಟು ಬಂತು. ಅದನ್ನಷ್ಟೇ ಬರೆಯುತ್ತೇನೆ.

"ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ನೆಸ್ಟೋರಿಯಸ್ ಕ್ರಿಸ್ತನ ದೈವತ್ವವನ್ನೇ ಅಲ್ಲಗಳೆದ" ಅಂತ ಬರೆದಿದ್ದೀರಿ. ಇಲ್ಲ. ಕ್ರಿಸ್ತ ದೇವರೂ ಹೌದು, ಮನುಷ್ಯನೂ ಹೌದು ಅನ್ನುವುದನ್ನು ಅವನೂ ಒಪ್ಪಿದ್ದ. ಮಗನಾದ ಕ್ರಿಸ್ತ ತಂದೆಯಾದ ದೇವರಿಗೆ ಸಮನಲ್ಲ, ಸೃಷ್ಟಿಯಾದವನು ಎಂದವನು ಆರಿಯಸ್ ಎಂಬ ಪಾದ್ರಿ. ಆ ವಾದವನ್ನು 325ರ ನೈಸಿಯಾ ಸಭೆಯೇ ತಳ್ಳಿಹಾಕಿತ್ತು. ನೆಸ್ಟೋರಿಯಸ್‌ಗೆ ಆರಿಯಸ್ ಕಡೆಯವರನ್ನು ಕಂಡರೆ ಆಗುತ್ತಿರಲಿಲ್ಲ. 428ರಲ್ಲಿ ಬಿಷಪ್ ಆದ ಕೆಲವೇ ದಿನಗಳಲ್ಲಿ ಅವರ ಪ್ರಾರ್ಥನಾಮಂದಿರ ಒಡೆಸಲು ಹೊರಟವನು ಅವನು.

ಮುಂದಿನ ಸಾಲು, "ಮರಿಯಳನ್ನು ಅವಮಾನಿಸಿದ." ಯಾಕೆ ಅಂತ ಕೇಳಿದಿರಾ? ಯೇಸುವಿನ ತಾಯಿಯಾದ ಅವಳನ್ನು ಜನ ದೇವಮಾತೆ ಎನ್ನುತ್ತಿದ್ದರು. ಕ್ರಿಸ್ತಮಾತೆ ಅನ್ನಿ ಎಂದ ನೆಸ್ಟೋರಿಯಸ್. ದೇವರಿಗೆ ಹಸಿವಿಲ್ಲ, ನೋವಿಲ್ಲ, ಸಾವಿಲ್ಲ. ಹುಟ್ಟಿದ್ದು ದೇವರೇ ಅಂದರೆ ಶಿಲುಬೆಯ ಮೇಲೆ ಸತ್ತದ್ದೂ ದೇವರೇ ಅನ್ನಬೇಕಾಗುತ್ತದೆ. ಅವನ ಭಯ ಅದು. ಎರಡು ಮೂರು ತಿಂಗಳ ಕೂಸನ್ನು ದೇವರು ಎನ್ನಲಾರೆ ಎಂದು ಅವನು ಹೇಳಿದ್ದಾಗಿ ಆ ಕಾಲದ ಚರಿತ್ರೆಕಾರ ಸಾಕ್ರಟೀಸ್ ಬರೆದಿದ್ದಾನೆ. ಈ ಒಂದು ಮಾತು ಸಾಕಿತ್ತು, ನಿಮ್ಮ ಪುಟ ಎದ್ದು ಕೂರುತ್ತಿತ್ತು!

ಅವನ ಭಯ ಕಾಣಿಸದಿದ್ದರೆ ಅವನ ಎದುರಾಳಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಿಷಪ್ ಸಿರಿಲ್‌ನ ಉತ್ತರಕ್ಕೂ ತೂಕ ಬರಲ್ಲ. ಸತ್ತವನು ಬರೀ ಮನುಷ್ಯನಾದರೆ ಆ ಸಾವಿನಿಂದ ನಮಗೇನು ಸಿಕ್ಕಿತು? ಸಿರಿಲ್ ಹಿಡಿದ ಎಳೆ ಇದು. ಇದೂ ಸಣ್ಣ ಪ್ರಶ್ನೆಯಲ್ಲ, ಅಲ್ವಾ?

ಆಮೇಲೆ, "ಸಭೆ ಒಮ್ಮತದಿಂದ ತೀರ್ಮಾನಿಸಿತು." ಯಾವ ಒಮ್ಮತ? 431ರ ಜೂನ್ 22. ನೆಸ್ಟೋರಿಯಸ್ ಕಡೆಗಿದ್ದ ಆಂಟಿಯೋಕ್‌ನ ಬಿಷಪರು ಇನ್ನೂ ದಾರಿಯಲ್ಲಿದ್ದರು. ಕಾಯಿರಿ ಎಂದು ರೋಮನ್ ಚಕ್ರವರ್ತಿಯ ಅಧಿಕಾರಿ ಕ್ಯಾಂಡಿಡಿಯನ್ ತಕರಾರು ಎತ್ತಿದ. ಸಭೆ ನಡೆಸುತ್ತಿದ್ದ ಸಿರಿಲ್ ಕಾಯಲಿಲ್ಲ. ನೆಸ್ಟೋರಿಯಸ್ ಊರಲ್ಲೇ ಇದ್ದ, ಸಭೆಗೆ ಬರಲಿಲ್ಲ. ಅಂದೇ ಅವನನ್ನು ಪದವಿಯಿಂದ ಇಳಿಸಿದರು. ಕತ್ತಲಾದ ಮೇಲೆ ಜನ ದೀವಟಿಗೆ ಹಿಡಿದು, ಧೂಪ ಹಾಕುತ್ತಾ ಬಿಷಪರನ್ನು ಬಿಡಾರದವರೆಗೆ ಕರೆದೊಯ್ದರು. ಕೆಲವು ದಿನ ಕಳೆದು ಬಂದ ಆಂಟಿಯೋಕ್‌ನ ಬಿಷಪ್ ಜಾನ್ ತನ್ನದೇ ಸಭೆ ಸೇರಿಸಿ ಸಿರಿಲ್‌ನನ್ನೇ ಇಳಿಸಿದ. ಇದಿಷ್ಟನ್ನೂ "ಒಮ್ಮತ" ನುಂಗಿಬಿಟ್ಟಿದೆ.

ನಾನು ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಹಿರಿಯ ಉಪಸಂಪಾದಕರೊಬ್ಬರಿದ್ದರು. ಕೆರೆ ಜಗಳವೋ ಕೋರ್ಟು ವ್ಯಾಜ್ಯವೋ, ಯಾವ ವರದಿ ಕೊಟ್ಟರೂ ಕೆಳಗಿನ ಅರ್ಧವನ್ನು ಅಂಗೈಯಿಂದ ಮುಚ್ಚಿ ಓದುತ್ತಿದ್ದರು. "ಈಗ್ಲೇ ಗೊತ್ತಾಯ್ತಲ್ಲಪ್ಪ, ಯಾರು ಸೋಲ್ತಾರೆ ಅಂತ" ಎಂದು ಹಾಳೆ ವಾಪಸ್ ತಳ್ಳುತ್ತಿದ್ದರು. ಸೋತವನ ಮನೆಗೆ ಇನ್ನೊಮ್ಮೆ ಹೋಗಿ ಬರಬೇಕು. ಅವನ ಮಾತು ಕೇಳಿ ನಮಗೇ ಒಂದು ಗಳಿಗೆ ಹೌದಲ್ಲ ಅನ್ನಿಸಬೇಕು. ಆಮೇಲೆ ಬರೆಯಬೇಕು. ಆ ಅಂಗೈ ಈಗಲೂ ನನ್ನ ಮೇಜಿನ ಮೇಲಿದೆ ಅಂದುಕೊಂಡೇ ನಾನು ಲೇಖನಗಳನ್ನು ಓದುತ್ತೇನೆ. ನಿಮ್ಮದರಲ್ಲಿ ಮೊದಲ ಪ್ಯಾರಾದಲ್ಲೇ ನೆಸ್ಟೋರಿಯಸ್ ಸೋತಿದ್ದ.

ಇನ್ನೊಂದು ಸಾಲು. "451ರ ಕಾಲ್ಸಿಡೋನ್ ಸಭೆಯಲ್ಲಿ ವಿವಾದ ಬಗೆಹರಿಯಿತು." ಒಬ್ಬನೇ ಕ್ರಿಸ್ತ, ದೇವರದೊಂದು ಮನುಷ್ಯನದೊಂದು ಹೀಗೆ ಎರಡು ಸ್ವಭಾವ ಎಂದಿತು ಆ ಸಭೆ. ಈಜಿಪ್ಟಿನಲ್ಲಿ ಬಹಳ ಜನ ಇದನ್ನು ಒಪ್ಪಲೇ ಇಲ್ಲ. ಸಭೆಯ ಪರವಾಗಿದ್ದ ಬಿಷಪ್ ಪ್ರೊಟೀರಿಯಸ್‌ನನ್ನು 457ರಲ್ಲಿ ಅಲೆಕ್ಸಾಂಡ್ರಿಯಾದ ಗುಂಪು ಕೊಂದುಹಾಕಿತು. ಕಾಪ್ಟಿಕ್, ಆರ್ಮೇನಿಯನ್, ಸಿರಿಯನ್ ಆರ್ಥೊಡಾಕ್ಸ್ ಚರ್ಚುಗಳು ಇವತ್ತಿಗೂ ಬೇರೆಯೇ. ದೂರ ಯಾಕೆ, ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿರುವ ಸಿರಿಯನ್ ಆರ್ಥೊಡಾಕ್ಸ್ ಚರ್ಚ್ ಕೂಡ ಕಾಲ್ಸಿಡೋನನ್ನು ಒಪ್ಪದ ಪರಂಪರೆಯದು.

ನೆಸ್ಟೋರಿಯಸ್‌ನನ್ನು ಈಜಿಪ್ಟಿನ ಮರುಭೂಮಿಗೆ ಗಡೀಪಾರು ಮಾಡಿದ್ದು ನಿಮಗೆ ಗೊತ್ತೇ ಇದೆ. ಅಲ್ಲಿ ಕೂತು ಅವನು ತನ್ನ ಸಮರ್ಥನೆಗೆ ಒಂದು ಪುಸ್ತಕ ಬರೆದ. ಅದರ ಸಿರಿಯಾಕ್ ಅನುವಾದ ಹತ್ತೊಂಬತ್ತನೇ ಶತಮಾನದ ಕೊನೆಗೆ ವಿದ್ವಾಂಸರ ಕೈಗೆ ಸಿಕ್ಕಿತು, ಇಂಗ್ಲಿಷಿನಲ್ಲೂ ಇದೆ. ಮೊದಲು ಅದನ್ನು ಓದಿ. ಮೂರನೇ ಪುಟವನ್ನು ಹೊಸದಾಗಿ ಬರೆದು ಕಳಿಸಿ. ಜಾಗ ಜಾಸ್ತಿ ಬೇಕಾದರೆ ಕೊಡುತ್ತೇನೆ.