ಓದುಗರ ಪ್ರಶ್ನೆ: ‘ಖಾಲಿ ಜಮೀನು’ ಅಂತ ಬರೆದ ನೆಲದಲ್ಲಿ ಏನೇನಿದೆ?

ಪ್ರಶ್ನೆ: ನಮ್ಮೂರು ಗಂಗಾವತಿ ತಾಲ್ಲೂಕಿನ ಗುಡ್ಡದ ಬುಡದಾಗ ಐತ್ರಿ. ಊರ ಹೊರಗಿನ 60 ಎಕರೆ ಬೀಳು ಯಾರೋ ಕೊಂಡಾರ, ರೆಸಾರ್ಟ್ ಕಟ್ತಾರಂತ. ಹವಾಯಿಯಲ್ಲಿ ದನದ ರಾಂಚ್ ಭೂಮಿಯೊಳಗ ಕಟ್ಟಬೇಕಂದ್ರ ಪರಿಸರದ ಜೋಡಿ ಸಂಸ್ಕೃತಿಗೆ ಏನಾಗತೈತಿ ಅನ್ನೂದೂ ಬರೆದು ಕೊಡಬೇಕಂತ, ಅಮೆರಿಕದಾಗಿರೋ ಅಣ್ಣನ ಮಗ ಹೇಳಿದ. ನಮ್ಮಲ್ಲಿ ಹಂಗ ಕೇಳಾಕ ಬರತೈತೇನ್ರೀ?

ಉತ್ತರ: ಅವನು ಹೇಳಿದ್ದು ಖರೆ. ಪರಿಸರ ಕಾಯ್ದೆಯ ಅಡಿ ಬರುವ ಯೋಜನೆಯಾದರೆ, ಅಲ್ಲಿಯ ಜನರ ಆಚರಣೆಗೆ ಏನಾಗುತ್ತದೆ ಎಂಬುದನ್ನೂ ವರದಿಯಲ್ಲಿ ಬರೆಯಲೇಬೇಕೆಂದು ಹವಾಯಿಯಲ್ಲಿ 2000ರಲ್ಲಿ ನಿಯಮ ಬಂತು. ಹಿರಿಯರನ್ನು ಕೂಡಿಸಿ ಕೇಳುತ್ತಾರೆ: ಸಮುದ್ರಕ್ಕೆ ಇಳಿಯುವ ದಾರಿ ಯಾವುದು, ಉಪ್ಪು ಎಲ್ಲಿ ಸಿಗುತ್ತದೆ, ಹಿಂದಿನವರನ್ನು ಎಲ್ಲಿ ಹೂಳಿದ್ದೀರಿ. ಅದೇ ವರ್ಷ ಕೌಪುಲೆಹು ಎಂಬ ಕಡೆಯ ಸಾವಿರ ಎಕರೆಯ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮೂರು ಮಾತು ಹೇಳಿತು. ನೆಲದಲ್ಲಿ ಏನೇನಿದೆ, ಯೋಜನೆಯಿಂದ ಅದಕ್ಕೇನಾಗುತ್ತದೆ, ಉಳಿಸಲು ಏನು ಮಾಡಬಹುದು, ಇವನ್ನು ಭೂಬಳಕೆ ಆಯೋಗವೇ ನೋಡಬೇಕು. ಕಟ್ಟುವವನ ಕೈಗೆ ಬಿಡಕೂಡದು.

ಕಟ್ಟುವವನ ಕೈಗೆ ಬಿಟ್ಟರೆ ಏನಾಗುತ್ತದೆಂದು ನಾನು ಕಂಡಿದ್ದೇನೆ. ಮೂವತ್ತೊಂದು ವರ್ಷ ಸರ್ವೆಯಲ್ಲಿ ಸರಪಳಿ ಹಿಡಿದವನು ನಾನು. ನಿವೃತ್ತಿಯಾದ ಮೇಲೆ ನಮ್ಮ ಕಡೆಯ ಒಂದು ಯೋಜನೆಯ ವರದಿ ಓದಿದೆ. ‘ಖಾಲಿ ಜಮೀನು, ಸಾಂಸ್ಕೃತಿಕ ಮಹತ್ವ ಇಲ್ಲ.’ ಇಷ್ಟೇ. ಆ ನೆಲ ನಾನೇ ಅಳೆದದ್ದು. ಮನಸ್ಸು ತಡೆಯದೆ ಒಬ್ಬ ಕುರಿಗಾರ ಅಜ್ಜನನ್ನು ಕರೆದುಕೊಂಡು ಮತ್ತೆ ಹೋದೆ. ಅಜ್ಜ ಚಪ್ಪಲಿ ಕಳಚಿಟ್ಟು ಬಂಡೆ ಹತ್ತಿದ. ಮೇಲೊಂದು ದೊಣೆ, ಮೊಣಕಾಲುಮಟ ನೀರು. ಕುರಿಗಳ ಗೊರಸು ತಾಗಿ ತಾಗಿ ಅಂಚಿನ ಕಲ್ಲು ಕನ್ನಡಿಯಂತೆ ನುಣುಪಾಗಿತ್ತು. “ಶಿವರಾತ್ರಿ ಮಟ ಬತ್ತೂದಿಲ್ರೀ ಇದು” ಅಂದ. ಪಕ್ಕದಲ್ಲಿ ಬೀರಪ್ಪನೆಂದು ನಿಲ್ಲಿಸಿದ ಮೂರು ಕಲ್ಲು, ಮೈತುಂಬ ಭಂಡಾರ. ನಾನು ಬರೆದ ನಕಾಶೆಯಲ್ಲಿ ಆ ಬಂಡೆಗೆ ಒಂದು ಚುಕ್ಕಿಯೂ ಇರಲಿಲ್ಲ. ಅದು ನನಗಿನ್ನೂ ಚುಚ್ಚುತ್ತದೆ.

ಹಾಗಂತ ಹವಾಯಿಯದನ್ನೆಲ್ಲ ಇಲ್ಲಿಗೆ ತರಬೇಡಿ. ಅಲ್ಲಿಗೆ ದನ ಬಂದದ್ದೇ 1793ರಲ್ಲಿ, ಕ್ಯಾಪ್ಟನ್ ವ್ಯಾಂಕೂವರ್ ರಾಜ ಕಮೇಹಮೇಹನಿಗೆ ಕಾಣಿಕೆ ಕೊಟ್ಟಾಗ. ಅವು ಬೆಳೆದು, ಅಡವಿ ಬಿದ್ದು, ಕೋವಾ–ಓಹಿಯಾ ಮರಗಳ ಕಾಡನ್ನು ಮೇಯ್ದು ತುಳಿದವು. ರಾಂಚಿನ ಎಷ್ಟೋ ಹುಲ್ಲುಗಾವಲು ಹಾಗೆ ಆದದ್ದು. ಅಂಥಲ್ಲಿ ಆ ಮರಗಳನ್ನೇ ಮತ್ತೆ ನೆಟ್ಟರೆ ಹಳೆಯ ಕಾಡು ಮರಳಬಹುದು. ನಮ್ಮ ಬಯಲುಸೀಮೆಯ ಹುಲ್ಲು ಮತ್ತು ಕುರುಚಲು, ದೊಡ್ಡ ಕಾಡು ಕಡಿದ ಮೇಲೆ ಉಳಿದದ್ದಲ್ಲ, ಈ ಮಳೆಗೆ ಈ ಮಣ್ಣು ಕೊಡುವುದೇ ಅದು. ನಿಮ್ಮ ತಾಲ್ಲೂಕಿನ ಬಂಕಾಪುರದಲ್ಲಿ ತೋಳ ಬದುಕಿರುವುದು ಅದರಿಂದ. ರೆಸಾರ್ಟಿನವರು ‘ಸಾವಿರ ಗಿಡ ನೆಟ್ಟುಕೊಡುತ್ತೇವೆ’ ಅಂದರೆ ಅದನ್ನು ಪರಿಹಾರವೆಂದು ಒಪ್ಪಬೇಡಿ.

ಇನ್ನು ನಮ್ಮ ಕಾನೂನು. 2006ರ ಪರಿಸರ ಅಧಿಸೂಚನೆಯ ಪ್ರಕಾರ ಕಟ್ಟಡಕ್ಕೆ ಪರಿಸರ ಅನುಮತಿ ಬೇಕಾಗುವುದು ಕಟ್ಟುವ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದ ಮೇಲೆ, ಬಡಾವಣೆಗೆ 50 ಹೆಕ್ಟೇರ್ ಮೇಲೆ. ನಿಮ್ಮ 60 ಎಕರೆ ಸುಮಾರು 24 ಹೆಕ್ಟೇರ್. ಅನುಮತಿ ಬೇಕಾದರೂ ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯ ವಿನಾಯಿತಿ ಇದೆ. ನಿಮ್ಮನ್ನು ಕೇಳಲು ಯಾರಾದರೂ ಬಂದಾರೆಂದು ಕಾಯಬೇಡಿ.

ಕೃಷಿ ಜಮೀನಾದರೆ ಎನ್‌.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಲೇಬೇಕು, ಅದು ಜಿಲ್ಲಾಧಿಕಾರಿಗಳ ಕೈಯಲ್ಲಿದೆ. ಅದಕ್ಕೂ ಮೊದಲು ಗ್ರಾಮ ನಕಾಶೆ ತೆಗೆಸಿ. ಗಾಡಿದಾರಿ, ಹಳ್ಳ, ಗಾಯರಾಣ (ಊರ ಗೋಮಾಳ) ಆ ಸರ್ವೆ ನಂಬರಿಗೆ ಎಲ್ಲಿ ತಾಗುತ್ತವೆ ನೋಡಿ. ಜಮೀನು ಕೊಂಡವನಿಗೆ ಅವು ಬರುವುದಿಲ್ಲ. ಊರು ಹಂಪಿ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆಯೇ ವಿಚಾರಿಸಿ. ಅದರ ವ್ಯಾಪ್ತಿಯಲ್ಲಿರುವ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ತೆರವು ಮಾಡಲು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಮಗೆ ಗೊತ್ತೇ ಇದೆ. ಹಿರೇಬೆಣಕಲ್ಲಿನ ಮೊರೇರ ಗುಡ್ಡದಲ್ಲಿರುವಂಥ ಕಲ್ಲುಮನೆ (ಚಪ್ಪಡಿಕಲ್ಲು ನಿಲ್ಲಿಸಿ ಕಟ್ಟಿದ ಪ್ರಾಚೀನ ಗೋರಿ) ನಿಮ್ಮಲ್ಲೂ ಒಂದೆರಡು ಕಂಡರೆ ಮುಟ್ಟದೆ ಫೋಟೊ ತೆಗೆದಿಡಿ.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಒಂದು ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆ ಬರೆದಿಡಬೇಕು. ಕುರಿಗಾರರು, ಔಷಧಿ ಬೇರು ತರುವ ಹೆಣ್ಣುಮಕ್ಕಳು, ಗುಡಿ ಪೂಜಾರಿ ಹೇಳಿದ್ದನ್ನೆಲ್ಲ ಆ ದಾಖಲೆಗೆ ಸೇರಿಸಿ, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಎರಡರ ನಕಲನ್ನೂ ಜಿಲ್ಲಾಧಿಕಾರಿಗಳಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ನಕಾಶೆಯ ಒಂದು ಪ್ರತಿ ನನಗೂ ಕಳಿಸಿ. ದೀಪಾವಳಿ ಮುಗಿದ ಮೇಲೆ, ದೊಣೆಗಳಲ್ಲಿ ನೀರಿರುವಾಗಲೇ ಬರುತ್ತೇನೆ. ಹಿರಿಯ ಕುರಿಗಾರರೊಬ್ಬರಿಗೆ ಹೇಳಿಟ್ಟಿರಿ.