ಆಯುಷ್ಮಾನ್ ಕಾರ್ಡಲ್ಲಿ ಕೌನ್ಸೆಲಿಂಗ್ ಸಿಗುತ್ತಾ?
ತಂಗಿಗೆ ವಾರಕ್ಕೊಂದ್ಸಲ ಕೌನ್ಸೆಲಿಂಗ್ ಬೇಕು, ಆಯುಷ್ಮಾನ್ ಕಾರ್ಡ್ ನಡಿಯುತ್ತಾ ಅಂತ ಕೇಳಿದ್ರಲ್ಲ ಮೇಡಂ, ಹೋಗಿ ಮಾತಾಡ್ಕೊಂಡು ಬರೋ ಓಪಿಡಿ ಕೌನ್ಸೆಲಿಂಗಿಗೆ ಅದು ಬರಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಅಂತಾರಲ್ಲ, ಅದು ಅಡ್ಮಿಟ್ ಆಗೋ ಚಿಕಿತ್ಸೆಗೆ. ಆದ್ರೆ ದಯವಿಟ್ಟು ಇಷ್ಟಕ್ಕೇ ಕೈಬಿಡ್ಬೇಡಿ, ಕಾರ್ಡ್ ಲೆಕ್ಕಕ್ಕೇ ಬರದೆ ಸಿಗೋದೂ ಇದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವ್ರು ಜಿಲ್ಲಾಸ್ಪತ್ರೆಲೇ ಇರ್ತಾರೆ (ಈ ಕಾರ್ಯಕ್ರಮಕ್ಕೆ ಇಡೀ ದೇಶಕ್ಕೆ ಮಾದರಿ ಆಗಿದ್ದೇ ನಮ್ಮ ಬಳ್ಳಾರಿ), ತಾಲೂಕು ಆಸ್ಪತ್ರೆಲಿ ಮನೋಚೈತನ್ಯ ಕ್ಲಿನಿಕ್ ಅಂತ ಮಂಗಳವಾರ ಮಾಡ್ತಾರೆ, ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆನ ಕೇಳಿ ಹೋಗಿ. ಅಲ್ಲೀವರ್ಗೂ 14416ಕ್ಕೆ ಫೋನ್ ಮಾಡ್ಸಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ದಿನದ 24 ಗಂಟೆನೂ ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ರಾತ್ರಿ ತುಂಬ ಕಷ್ಟ ಆಗ್ತಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಆಗಲೇ ಮಾಡಿ.