ಸಂಪಾದಕರ ಉತ್ತರ: ಗೆರೆ ಮೂಡಿತೆಂದು ಎನ್-95 ಮಾಸ್ಕ್ ಕಳಚಬೇಡಿ

ಡೊಂಬಿವಲಿಯಿಂದ ಬರೆದಿರುವ ನರ್ಸ್ ಸಹೋದರಿಯವರಿಗೆ,

ನಿಮ್ಮ ವಾರ್ಡಿನವರಿಗೆಲ್ಲ ಬೆರಳು ಚುಚ್ಚಿ, ಕಿಟ್‌ನ ಪಟ್ಟಿಗೆ ರಕ್ತ ಹಾಕಿ ಕೋವಿಡ್ ಆಂಟಿಬಾಡಿ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಪರೀಕ್ಷೆ ಮಾಡಿದ್ದಾರೆ. ನಿಮಗೆ ಐಜಿಜಿ, ಅಂದರೆ ಸೋಂಕಿನ ನಂತರ ಬಹುಕಾಲ ಉಳಿಯುವ ಬಗೆಯ ಆಂಟಿಬಾಡಿಯ ಗೆರೆ ಮಸುಕಾಗಿ ಮೂಡಿದೆ. ಮೂರು ದಿನದಿಂದ ಜ್ವರವಿರುವ ನಿಮ್ಮ ಜೊತೆಗಾರ್ತಿಗೆ ಏನೂ ಮೂಡಿಲ್ಲವೆಂದು ಅವರನ್ನು ಡ್ಯೂಟಿಗೆ ಕರೆದಿದ್ದಾರೆ. ನಿಮಗಿನ್ನು ಎನ್-95 ಬೇಕೇ ಎಂಬುದು ನಿಮ್ಮ ಪ್ರಶ್ನೆ.

ಮೊದಲು ಆ ಜೊತೆಗಾರ್ತಿಯ ವಿಷಯ, ಅದು ತಡಮಾಡುವಂಥದ್ದಲ್ಲ. ಕಿಟ್‌ಗೆ ಸಿಗುವಷ್ಟು ಆಂಟಿಬಾಡಿ ಹುಟ್ಟಲು ಲಕ್ಷಣ ಕಂಡ ಮೇಲೆ ಸಾಮಾನ್ಯವಾಗಿ ಒಂದೆರಡು ವಾರ ಹಿಡಿಯುತ್ತದೆ. ಮೂರನೇ ದಿನ ವೈರಸ್ ಮೂಗು-ಗಂಟಲಲ್ಲಿ ತುಂಬಿರುತ್ತದೆ, ರಕ್ತ ಮಾತ್ರ ಇನ್ನೂ ಸುಮ್ಮನಿರುತ್ತದೆ. ಅವರು ಇಂದೇ ಸ್ವ್ಯಾಬ್ ಕೊಟ್ಟು ಆರ್‌ಟಿ-ಪಿಸಿಆರ್ ಮಾಡಿಸಲಿ. ವರದಿ ಬರುವವರೆಗೆ ವಾರ್ಡಿಗೆ ಕಾಲಿಡುವುದು ಬೇಡ. ರೋಗಪತ್ತೆಗೆ ಈ ಕಿಟ್ ಬಳಸಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಹೇಳಿದೆ. 2020ರ ಏಪ್ರಿಲ್‌ನಲ್ಲಿ ಎರಡು ಚೀನೀ ಕಂಪನಿಗಳ ಕಿಟ್‌ಗಳನ್ನು ವಾಪಸು ಕಳಿಸಲು ರಾಜ್ಯಗಳಿಗೆ ಸೂಚಿಸಿದ್ದೂ ನಿಮಗೆ ನೆನಪಿರಬಹುದು.

ಇನ್ನು ನಿಮ್ಮ ಗೆರೆ. ಹೊತ್ತಿಗೆ ಸರಿಯಾಗಿ ನೋಡಿದ್ದರೆ ಮಸುಕು ಗೆರೆಯೂ ಗೆರೆಯೇ. ಬಹುತೇಕ ಕಿಟ್‌ಗಳನ್ನು 15 ನಿಮಿಷಕ್ಕೆ ನೋಡಬೇಕು. ಅರ್ಧ ಗಂಟೆ ಬಿಟ್ಟು ನೋಡಿದರೆ ಪಟ್ಟಿ ಒಣಗುತ್ತ ಸುಳ್ಳು ಗೆರೆ ಕಾಣಿಸಬಹುದು. ಪಟ್ಟಿ ಸರಿಯಾಗಿ ಕೆಲಸ ಮಾಡಿದೆಯೆಂದು ತೋರಿಸುವ 'ಸಿ' (ಕಂಟ್ರೋಲ್) ಗೆರೆ ಬಾರದಿದ್ದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಚುಚ್ಚುವ ಮೊದಲು ಸ್ಪಿರಿಟ್ ಒಣಗಿತ್ತೇ, ಮೊದಲ ಹನಿ ಒರೆಸಿದರೇ, ಬೆರಳನ್ನು ಹಿಂಡಿದರೇ ಎಂದು ನೆನಪು ಮಾಡಿಕೊಳ್ಳಿ. ಹಿಂಡಿದರೆ ರಕ್ತಕ್ಕೆ ಅಂಗಾಂಶದ ದ್ರವ ಬೆರೆತು ತೆಳುವಾಗುತ್ತದೆ. ಬೇಕಾದದ್ದು 10-20 ಮೈಕ್ರೋಲೀಟರ್, ಅಂದರೆ ಒಂದು ಸಣ್ಣ ಹನಿ. ಹೆಚ್ಚಾದರೆ ಪಟ್ಟಿಯೆಲ್ಲ ಕೆಂಪಾಗಿ ಗೆರೆ ಮುಚ್ಚಿಹೋಗುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಇನ್ನೊಂದು ತೊಂದರೆ: ಫ್ರಿಜ್‌ನಿಂದ ತೆಗೆದೊಡನೆ ಪೊಟ್ಟಣ ಬಿಚ್ಚಿದರೆ ತಣ್ಣನೆಯ ಪಟ್ಟಿಯ ಮೇಲೆ ಗಾಳಿಯ ತೇವ ಕೂರುತ್ತದೆ, ದ್ರವ ಸರಿಯಾಗಿ ಏರುವುದಿಲ್ಲ. ಅರ್ಧ ಗಂಟೆ ಹೊರಗಿಟ್ಟು, ಚುಚ್ಚುವ ಹೊತ್ತಿಗೇ ಬಿಚ್ಚಬೇಕು.

ಇಷ್ಟೆಲ್ಲ ಸರಿಯಿದ್ದರೂ ಒಂದು ಲೆಕ್ಕ ನೋಡಿ. 1000 ಸಿಬ್ಬಂದಿಯಲ್ಲಿ 50 ಜನರಿಗೆ ಸೋಂಕು ತಗುಲಿ ಹೋಗಿದೆ ಎನ್ನೋಣ. ಕಿಟ್ ಅವರಲ್ಲಿ 45 ಜನರನ್ನು ಹಿಡಿಯಿತು. ಉಳಿದ 950 ಜನರಲ್ಲಿ ನೂರಕ್ಕೆ ಐದು ತಪ್ಪಿದರೂ 47-48 ಸುಳ್ಳು ಗೆರೆ. ಗೆರೆ ಮೂಡಿದವರಲ್ಲಿ ಅರ್ಧಕ್ಕರ್ಧ ಜನರಿಗೆ ಸೋಂಕೇ ಬಂದಿರುವುದಿಲ್ಲ! ಖಚಿತವಾಗಬೇಕಾದರೆ ತೋಳಿನ ರಕ್ತ ಕೊಟ್ಟು ಐಜಿಜಿ ಎಲೈಸಾ (ಪ್ರಯೋಗಾಲಯದಲ್ಲಿ ಮಾಡುವ ಆಂಟಿಬಾಡಿ ಪರೀಕ್ಷೆ) ಮಾಡಿಸಿ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ) ರೂಪಿಸಿದ 'ಕವಚ್' ಅಂಥದ್ದೇ.

ಎಲೈಸಾದಲ್ಲೂ ಪಾಸಿಟಿವ್ ಬಂದರೆ ಹಿಂದೆ ಸೋಂಕು ತಗುಲಿತ್ತೆಂದೋ ಲಸಿಕೆಯಿಂದ ಆಂಟಿಬಾಡಿ ಬಂದಿದೆಯೆಂದೋ ಗೊತ್ತಾಗುತ್ತದೆ, ಅಷ್ಟೇ. ನಾಳೆ ಮತ್ತೆ ತಗುಲದೆಂಬ ಖಾತರಿ ಅದರಲ್ಲಿಲ್ಲ. ಎನ್-95, ಗೌನ್, ಕೈತೊಳೆತ ಯಾವುದನ್ನೂ ಬಿಡಬೇಡಿ, ದಯವಿಟ್ಟು.